ಕಾಗವಾಡದ ಖಾಲಿ ಅಂಚೆಪೆಟ್ಟಿಗೆ

ಕಬ್ಬಿನ ಹಂಗಾಮು ಶುರುವಾಯಿತೆಂದರೆ ಫೋನು ಬಡಿದುಕೊಂಡರೂ ನನ್ನ ಎದೆ ಹಾರುತ್ತಿತ್ತು, ಬಡಿದುಕೊಳ್ಳದಿದ್ದರೂ ಹಾರುತ್ತಿತ್ತು. ನಿವೃತ್ತನಾಗಿ ಇಷ್ಟು ವರ್ಷವಾದರೂ ಆ ಚಡಪಡಿಕೆ ಪೂರ್ತಿ ಇಳಿದಿಲ್ಲ. ಕಬ್ಬು ಹೇರಿದ ಟ್ರ್ಯಾಕ್ಟರಿನ ಸದ್ದು ಕೇಳಿದರೆ ಊಟಕ್ಕೆ ಕುಳಿತವನು ಎದ್ದು ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಮನೆಯವಳು "ಯಾರ ಕರದ್ರು?" ಎನ್ನುತ್ತಾಳೆ. ಯಾರೂ ಕರೆದಿರುವುದಿಲ್ಲ.

ಕೃಷ್ಣೆಯ ಈಚೆ ದಂಡೆಯ ಒಂದು ಸಕ್ಕರೆ ಕಾರ್ಖಾನೆಯಲ್ಲಿ ನನ್ನದು ಸುದ್ದಿ ಮುಟ್ಟಿಸುವ ಕೆಲಸ. ಹುದ್ದೆಯ ಹೆಸರು ನಾಲ್ಕಾರು ಬಾರಿ ಬದಲಾಯಿತು, ಕೆಲಸ ಮಾತ್ರ ಅದೇ. ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳಲ್ಲಿ ನಮ್ಮ ಗಟ ಕಚೇರಿಗಳು, ಅಂದರೆ ಸುತ್ತಲಿನ ಊರುಗಳ ಕಬ್ಬು ನೋಡಿಕೊಳ್ಳುವ ಶಾಖೆಗಳು, ಇದ್ದವು. ಯಾವ ಊರಿನ ಯಾರ ಕಬ್ಬನ್ನು ಯಾವ ದಿನ ಕಡಿಯಬೇಕು, ಕಡಿಯುವವರ ಯಾವ ಗ್ಯಾಂಗು ಹೋಗಬೇಕು ಎಂಬ ಆದೇಶ ಕಾರ್ಖಾನೆಯಿಂದ ಆ ಕಚೇರಿಗಳಿಗೆ ಹೋಗಬೇಕು. ಅದಕ್ಕೆ ತೋಡಣಿ ಆರ್ಡರ್ ಎನ್ನುತ್ತಿದ್ದೆವು. ಕಡಿದ ಕಬ್ಬು ಕಾಯುವುದಿಲ್ಲ, ಸುಟ್ಟ ಕಬ್ಬಂತೂ ಗಳಿಗೆ ಗಳಿಗೆಗೂ ರಸ ಕಳೆದುಕೊಳ್ಳುತ್ತದೆ. ನನ್ನ ಅಜ್ಜಿ ಹೇಳುತ್ತಿದ್ದಳು: "ಸುದ್ದಿ ಒಯ್ಯಾಂವ ಉಂಡ ಕೈ ತೊಳಿಬಾರ್ದು, ಮುಟ್ಟಿಸಿ ಕೈ ತೊಳಿಬೇಕು." ಆಕೆ ಹೇಳಿದ್ದು ಹೆಣದ ಸುದ್ದಿಯ ಮಾತು. ನಾನು ಅದನ್ನು ಕಬ್ಬಿಗೆ ಹಚ್ಚಿಕೊಂಡೆ.

ಈಗ ಕಂಪ್ಯೂಟರ್ ವಿಭಾಗಕ್ಕೆ ಹೊಸದಾಗಿ ಸೇರಿದವರು ಸಿಕ್ಕಾಗ ಕೇಳುತ್ತಾರೆ, ಮೇಲ್ ಸರ್ವರ್ ನಡೆಸುವಾಗ ಪಾಪ್ ಇಡುವುದೋ ಐಮ್ಯಾಪ್ ಇಡುವುದೋ ಎಂದು. ಉತ್ತರ ಪುಸ್ತಕಗಳಲ್ಲಿದೆ. ನನಗೆ ಅದನ್ನು ಕಲಿಸಿದ್ದು ಉಗಾರ ಬುದ್ರುಕದ ಚಂಪಾಬಾಯಿಯವರ ಸುಟ್ಟ ಕಬ್ಬು. ಅದಕ್ಕೇ ಬರೆಯಲು ಕುಳಿತೆ.

ಎಂಬತ್ತರ ದಶಕದಲ್ಲಿ ನಾನು ಸೇರಿದಾಗ ನಮ್ಮಲ್ಲಿದ್ದದ್ದು ವೈರ್‌ಲೆಸ್. ಪ್ರತಿ ಗಟ ಕಚೇರಿಯಲ್ಲೂ ಒಂದು ಪೆಟ್ಟಿಗೆ, ಮಾಳಿಗೆಯ ಮೇಲೆ ಒಂದು ಕಂಬ. ಕಾರ್ಖಾನೆಯಿಂದ ನಾನು ಮಾತಾಡಿದರೆ ಐದೂ ಕಚೇರಿಗಳಲ್ಲಿ ಕೇಳುತ್ತಿತ್ತು, ಅಲ್ಲಿ ಕಟ್ಟೆಯ ಮೇಲೆ ಕುಳಿತ ರೈತರಿಗೂ ಕೇಳುತ್ತಿತ್ತು. ನಮ್ಮ ಮೇಲಧಿಕಾರಿಯನ್ನು, ಅಂದರೆ ಕಬ್ಬಿನ ವಿಭಾಗದ ಮುಖ್ಯಸ್ಥರನ್ನು, ನಾವೆಲ್ಲ ಶೇತಕಿ ಸಾಹೇಬರು, ಒಕ್ಕಲುತನದ ಸಾಹೇಬರು, ಎನ್ನುತ್ತಿದ್ದೆವು. ಮನೆಯಲ್ಲಿ ಮರಾಠಿ, ಕಚೇರಿಯಲ್ಲಿ ಕನ್ನಡ, ಸಿಟ್ಟಿನಲ್ಲಿ ಎರಡೂ. ಒಮ್ಮೆ ಅವರು ರಾಯಬಾಗದ ಗುಮಾಸ್ತನನ್ನು ವೈರ್‌ಲೆಸ್‌ನಲ್ಲೇ ಬೈದರು: "ಅರೇ, ಆ ಗ್ಯಾಂಗ್ ಎಲ್ಲಿ ಸತ್ತೈತಿ? ಝೋಪ್ಲಾಸ್ ಕಾಯ್, ನಿದ್ದಿ ಹತ್ತೇತೇನು?" ರಾಯಬಾಗದಿಂದ ಉತ್ತರ ಬರುವ ಮೊದಲೇ ಅಥಣಿಯ ಕಚೇರಿಯಿಂದ ಯಾರೋ ಮುದುಕ ರೈತರು ಗುಂಡಿ ಒತ್ತಿ ಹೇಳಿದರು: "ಸತ್ತಿಲ್ರಿ ಸಾಹೇಬ್ರ, ಇಲ್ಲೇ ಚಾ ಕುಡ್ಯಾಕತ್ತಾರ್ರಿ." ಗ್ಯಾಂಗು ದಾರಿ ತಪ್ಪಿ ಅಥಣಿ ಸೇರಿತ್ತು. ಮರ್ಯಾದೆ ಹೋಯಿತು, ಆದರೆ ಸುದ್ದಿ ಕಳೆಯಲಿಲ್ಲ.

ತೊಂಬತ್ತರ ದಶಕ ಮುಗಿಯುತ್ತ ಬಂದಾಗ ಆಡಳಿತ ಮಂಡಳಿಯವರಿಗೆ ಕಂಪ್ಯೂಟರಿನ ಆಸೆ ಹತ್ತಿತು. ವೈರ್‌ಲೆಸ್ಸಿನ ಬಿಡಿಭಾಗ ಸಿಗದಂತಾಗಿದ್ದು ಇನ್ನೊಂದು ಕಾರಣ. ಕಾರ್ಖಾನೆಯ ಒಂದು ಕೋಣೆಯಲ್ಲಿ ಸರ್ವರ್ ಕೂರಿಸಿದರು, ಗಟ ಕಚೇರಿಗಳಿಗೆ ಒಂದೊಂದು ಕಂಪ್ಯೂಟರ್ ಮತ್ತು ಮೋಡೆಮ್ ಕೊಟ್ಟರು. ಕಚೇರಿಯವರು ಫೋನಿನ ಮೂಲಕ ನಮ್ಮ ಸರ್ವರಿಗೆ ಜೋಡಿಸಿಕೊಂಡು ತಮ್ಮ ಪೆಟ್ಟಿಗೆಯಲ್ಲಿದ್ದ ಮೇಲ್ ತೆಗೆದುಕೊಳ್ಳಬೇಕು. ಕೂರಿಸಲು ಪುಣೆಯಿಂದ ಬಂದ ಎಂಜಿನಿಯರ್ ಕೇಳಿದ: "ಪಾಪ್ ಇಡ್ಲಾ, ಐಮ್ಯಾಪ್ ಇಡ್ಲಾ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಎಂಜಿನಿಯರನ ಮುಖ ನೋಡಿದೆ. ಅವನು ತಿಳಿಸಿ ಹೇಳಿದ. ಪಾಪ್ ಎಂದರೆ ಅಂಚೆಪೆಟ್ಟಿಗೆ ತೆರೆದು ಇದ್ದದ್ದೆಲ್ಲವನ್ನೂ ಚೀಲಕ್ಕೆ ಹಾಕಿಕೊಂಡು ಮನೆಗೆ ಒಯ್ದಂತೆ, ಪೆಟ್ಟಿಗೆ ಖಾಲಿ. ಐಮ್ಯಾಪ್ ಎಂದರೆ ವಾಚನಾಲಯಕ್ಕೆ ಹೋಗಿ ಪೇಪರ್ ಓದಿದಂತೆ, ಓದಿ ಎದ್ದು ಬಂದರೂ ಪೇಪರ್ ಮೇಜಿನ ಮೇಲೆಯೇ, ಇನ್ನೊಬ್ಬ ಬಂದು ಓದಬಹುದು. ಆದರೆ ಓದುವಷ್ಟು ಹೊತ್ತೂ ಫೋನಿನ ಲೈನ್ ಹಿಡಿದಿರಬೇಕು.

"ಲೈನ್ ಹಿಡದ್ರ ರೈತರ ಫೋನ್ ಹೆಂಗ ಬರಬೇಕು?" ಎಂದು ಸಾಹೇಬರು ಕೇಳಿದರು. ಪ್ರತಿ ಕಚೇರಿಗೂ ಇದ್ದದ್ದು ಒಂದೇ ಫೋನು. "ಯಾವುದು ಲಗೂ ಫೋನ್ ಬಿಡ್ತೈತಿ?"

"ಪಾಪ್," ಎಂದ ಎಂಜಿನಿಯರ್.

"ಮಗ್ ತೇಚ್ ಕರಾ. ಅದನ್ನ ಹಾಕು."

ಇದು ತಪ್ಪು ನಿರ್ಧಾರವೆಂದು ಈಗಲೂ ನಾನು ಹೇಳುವುದಿಲ್ಲ. ಅಂದಿನ ಫೋನುಗಳ ಅವಸ್ಥೆ ನೋಡಿದವರು ಯಾರೂ ಹೇಳಲಾರರು.

ಮೊದಲ ಹಂಗಾಮಿನಲ್ಲಿ ನಕ್ಕದ್ದೂ ಉಂಟು. ಪಾಪ್‌ಗೆ ಒಂದು ಗುಣವಿದೆ: ಎಲ್ಲ ಮೇಲ್ ಇಳಿಸಿಕೊಂಡು, ಸರಿಯಾಗಿ "ಮುಗಿಯಿತು" ಎಂದು ಹೇಳಿದ ಮೇಲೆಯೇ ಸರ್ವರ್ ಅವನ್ನು ಅಳಿಸುತ್ತದೆ. ಮಧ್ಯೆ ಲೈನ್ ಕಡಿದರೆ ಎಲ್ಲವೂ ಪೆಟ್ಟಿಗೆಯಲ್ಲೇ ಉಳಿದು ಮರುಸಲ ಮತ್ತೆ ಬರುತ್ತವೆ. ರಾಯಬಾಗದ ಲೈನ್ ಕಡಿಯದೆ ಉಳಿದ ದಿನವೇ ಅಪರೂಪ. ಅಲ್ಲಿನ ಗುಮಾಸ್ತ ಬಂದದ್ದನ್ನೆಲ್ಲ ಛಾಪಿಸಿ ಗ್ಯಾಂಗಿನ ಮುಖಂಡರಾದ ಮುಕಾದಮರಿಗೆ ಹಂಚುವ ನಿಷ್ಠಾವಂತ. ಒಂದೇ ಆರ್ಡರ್ ಎರಡು ಸಲ ಬಂತು, ಎರಡು ಗ್ಯಾಂಗಿಗೆ ಹೋಯಿತು. ಒಂದೇ ಹೊಲದಲ್ಲಿ ಎರಡು ಗ್ಯಾಂಗು, ಒಂದು ಮೂಡಣದಿಂದ, ಒಂದು ಪಡುವಣದಿಂದ ಕಡಿಯುತ್ತ ಬಂದು ನಡುವೆ ಮುಖಾಮುಖಿ ನಿಂತವು. ಹೊಲದ ಯಜಮಾನ ಎರಡೂ ಗ್ಯಾಂಗಿಗೆ ಊಟ ಹಾಕಬೇಕಾಯಿತು. ನನಗೆ ಫೋನು ಹಚ್ಚಿ, "ಸಾಹೇಬ್ರ, ನಿಮ್ಮ ಮಿಶನ್ ಭಾಳ ಪ್ರೀತಿ ಮಾಡ್ತೈತ್ರಿ ನನ್ನ ಮ್ಯಾಲ. ನಾಳಿ ಮೂರನೇದ್ದು ಕಳಸಬ್ಯಾಡ್ರಿ," ಎಂದ.

ಇನ್ನೊಮ್ಮೆ ಅಥಣಿಯ ಪೆಟ್ಟಿಗೆಗೆ ಯಾರೋ ಸಂಕ್ರಾಂತಿಯ ಶುಭಾಶಯದ ದೊಡ್ಡ ಚಿತ್ರ ಕಳಿಸಿದರು. ಅದು ಎಲ್ಲಕ್ಕಿಂತ ಮುಂದೆ ಕೂತಿತು. ಎಳೆದೂ ಎಳೆದೂ ಅರ್ಧ ಬರುವಷ್ಟರಲ್ಲಿ ಲೈನ್ ಕಡಿಯುವುದು, ಮತ್ತೆ ಮೊದಲಿನಿಂದ. ಹಿಂದಿದ್ದ ತೋಡಣಿ ಆರ್ಡರುಗಳೆಲ್ಲ ಆ ಎಳ್ಳುಬೆಲ್ಲದ ಹಿಂದೆ ಪಾಳಿಗೆ ನಿಂತವು. ಕೊನೆಗೆ ನಾನೇ ಸರ್ವರಿನಲ್ಲಿ ಆ ಚಿತ್ರ ಕಿತ್ತು ಬಿಸಾಕಿದೆ.

ಇಂಥವು ನಡೆಯುತ್ತಲೇ ಇದ್ದವು. ನಾನು ಸರ್ವರಿನ ಕೋಣೆಗೆ ಹೋಗುವುದು, ಪೆಟ್ಟಿಗೆಗಳನ್ನು ನೋಡುವುದು, ಹೊರಗೆ ಬರುವುದು, ಮತ್ತೆ ಹೋಗುವುದು. ಪೆಟ್ಟಿಗೆ ಖಾಲಿಯಾಗಿದ್ದರೆ "ಮುಟ್ಟಿತು" ಎಂದು ಉಸಿರು ಬಿಡುತ್ತಿದ್ದೆ. ನಾನಷ್ಟೇ ಅಲ್ಲ, ಎಲ್ಲರೂ ಹಾಗೆಯೇ ತಿಳಿದಿದ್ದೆವು.

ಆಮೇಲೆ ಚಂಪಾಬಾಯಿಯವರ ಕಬ್ಬಿಗೆ ಬೆಂಕಿ ಬಿತ್ತು.

ಚಂಪಾಬಾಯಿ ಎಂದರೆ ಉಗಾರ ಬುದ್ರುಕದ ಗಟ್ಟಿ ಹೆಂಗಸು. ಗಂಡ ತೀರಿದ ಮೇಲೆ ಹೊಳೆದಂಡೆಯ ಹೊಲವನ್ನು ತಾವೇ ನಿಂತು ಮಾಡಿಸುತ್ತಿದ್ದರು. ಅವರ ಕಬ್ಬು ನೋಡಲು ಬೇರೆ ಊರಿನವರು ಬರುತ್ತಿದ್ದರು. ಆ ದಿನ ಮಧ್ಯಾಹ್ನ ಗಾಳಿಗೆ ಕರೆಂಟಿನ ತಂತಿಗಳು ಒಂದಕ್ಕೊಂದು ತಾಗಿ ಕಿಡಿ ಉದುರಿ ಕಬ್ಬಿನ ಫಡವೇ ಹೊತ್ತಿಕೊಂಡಿತು. ಅವರು ಊರಿನ ಫೋನಿನಂಗಡಿಗೆ ಓಡಿ ಕಾಗವಾಡದ ಗಟ ಕಚೇರಿಗೆ ಫೋನು ಹಚ್ಚಿದರು. ಅಲ್ಲಿನ ಗುಮಾಸ್ತ ದಸ್ತಗೀರ ಮುಲ್ಲಾ, ಕುಡಚಿಯಿಂದ ದಿನಾ ಬಂದು ಹೋಗುವವನು, ಆಗಲೇ ಕಾರ್ಖಾನೆಗೆ ತಿಳಿಸಿದ. ಸಾಹೇಬರು ಸಂಜೆಯಾಗುವಷ್ಟರಲ್ಲಿ ವಿದ್ಯುತ್ ಮಂಡಳಿಯವರನ್ನು ವಿಚಾರಿಸಿ, ಮೊದಲ ಪಾಳಿಯ ಆರ್ಡರ್ ಬರೆಸಿ ಕಾಗವಾಡದ ಪೆಟ್ಟಿಗೆಗೆ ಹಾಕಿಸಿದರು. ಮಾರನೆಯ ಮುಂಜಾನೆ ನಾನು ನೋಡಿದೆ, ಕಾಗವಾಡದ ಪೆಟ್ಟಿಗೆ ಖಾಲಿ. ಮುಟ್ಟಿತು ಎಂದುಕೊಂಡೆ.

ಇಲ್ಲಿ ಒಂದು ಮಾತು ಹೇಳಬೇಕು. ಸುಟ್ಟ ಕಬ್ಬನ್ನು ಮೊದಲು ಕಡಿಯುವುದು ಎಲ್ಲ ಕಾರ್ಖಾನೆಗಳ ಪದ್ಧತಿ. ಅದಕ್ಕೇ ಪಾಳಿಗೆ ಕಾದು ಬೇಸತ್ತ ಕೆಲವರು ತಾವೇ ಕಡ್ಡಿ ಗೀರುವುದೂ ಉಂಟು. ಆದ್ದರಿಂದ ಯಾರದೇ ಕಬ್ಬು ಸುಟ್ಟರೂ ಮೊದಲು ಏಳುವ ಪ್ರಶ್ನೆ ಒಂದೇ: ಬಿತ್ತೋ, ಹಚ್ಚಿದರೋ? ಹಚ್ಚಿದ್ದೆಂದು ಅನುಮಾನವಿದ್ದರೆ ಕಾರ್ಖಾನೆ ಸುಮ್ಮನೆ ಕಾಯಿಸುತ್ತದೆ. ಕಾಯಿಸುವುದೆಂದರೆ 'ಹಚ್ಚಿದ್ದು' ಎಂದು ಊರಿನ ಮುಂದೆ ಹೇಳಿದಂತೆಯೇ.

ಮಧ್ಯಾಹ್ನಕ್ಕೆ ಮುಂಚೆ ಚಂಪಾಬಾಯಿ ಕಾರ್ಖಾನೆಯ ಕಚೇರಿಯಲ್ಲಿ ನಿಂತಿದ್ದರು. ಸೀರೆಯ ಅಂಚಿಗೆ ಇನ್ನೂ ಬೂದಿ. ಗ್ಯಾಂಗು ಬಂದಿರಲಿಲ್ಲ. ಬೆಳಗ್ಗೆ ಕಾಗವಾಡಕ್ಕೆ ಹೋದರೆ ಮುಲ್ಲಾ "ಆರ್ಡರ್ ಬಂದಿಲ್ರಿ ಅಕ್ಕಾರ" ಎಂದಿದ್ದ. ಕಟ್ಟೆಯ ಮೇಲೆ ಕುಳಿತವರು ಒಬ್ಬರ ಮುಖ ಒಬ್ಬರು ನೋಡಿ ನಕ್ಕಿದ್ದರು.

"ಸಾಹೇಬ್ರ," ಎಂದರು ಚಂಪಾಬಾಯಿ, ಕುರ್ಚಿ ತೋರಿಸಿದರೂ ಕೂರದೆ, "ನಾನ ಹಚ್ಚೇನಿ ಅಂತ ತಿಳಕೊಂಡ್ರೇನ್ರಿ? ಹಂಗ ಇದ್ರ ಬಾಯಿ ಬಿಟ್ಟು ಹೇಳ್ರಿ. ಸುಮ್ಮ ಕುಂತು ನನ್ನ ಹೆಸರ ಯಾಕ ಸುಡ್ತೀರಿ? ಕಬ್ಬ ಸುಟ್ಟದ್ದು ಸಾಲಲಿಲ್ಲೇನು?"

ಸಾಹೇಬರು ದಂಗಾದರು. "ಅಹೋ ತಾಯಿ, ನಿನ್ನೆ ಸಂಜೀಕೇ ಆರ್ಡರ್ ಕೊಟ್ಟೇನಿ." ನನ್ನ ಕಡೆ ತಿರುಗಿದರು. "ಅಪ್ಪಾಸಾಬ, ಎಲ್ಲಿ ಹೋತು?"

ಸರ್ವರಿನ ದಾಖಲೆ ತೆಗೆದೆ. ಕಾಗವಾಡದ ಹೆಸರಿನಲ್ಲಿ ಮುಂಜಾನೆ ಯಾರೋ ಪೆಟ್ಟಿಗೆ ತೆರೆದು ಎಲ್ಲವನ್ನೂ ಒಯ್ದಿದ್ದರು. ಮುಲ್ಲಾನಿಗೆ ಫೋನು ಹಚ್ಚಿದೆ. "ನಾ ತಗದಾಗ ಏನೂ ಇರಲಿಲ್ಲಣ್ಣಾ," ಎಂದ. ನಾನು ದಾಖಲೆಯ ಮಾತು ಹೇಳಿದೆ. ಅವನ ದನಿ ಏರಿತು. "ನಿಮ್ಮ ಮಿಶನ್ ಖರೇ, ನಾ ಸುಳ್ಳ, ಹೌದಿಲ್ಲೋ? ಬಂದು ನೋಡ್ರಿ. ಇಂಥಾ ಕೆಲಸದಾಗ ನಾ ಸುಳ್ಳ ಹೇಳೂ ಮನಷ್ಯಾ ಏನು?" ಎಂದು ಫೋನು ಇಟ್ಟುಬಿಟ್ಟ.

ಸಾಹೇಬರು ಆ ಕೂಡಲೇ ಬೇರೊಂದು ಆರ್ಡರ್ ಬರೆಸಲು ಹೊರಟರು. ಚಂಪಾಬಾಯಿ ಬೇಡವೆಂದರು. "ಇವತ್ತ ನಾ ಬಂದು ಅತ್ತು ಕರದು ಮಾಡಿಸ್ಕೊಂಡೆ ಅಂತಾರ್ರಿ. ನಿನ್ನೆ ಕೊಟ್ಟದ್ದು ಖರೇ ಇದ್ರ, ಅದನ್ನ ಹುಡುಕಿ ಕೊಡ್ರಿ."

"ಹಟಾ ಮಾಡಬ್ಯಾಡ್ರಿ, ಕಬ್ಬ ಒಣಗತೈತಿ," ಎಂದೆ ನಾನು.

"ಒಣಗಲಿ. ಕಬ್ಬ ಬರೋ ವರ್ಷ ಮತ್ತ ಬರ್ತೈತಿ."

ಸಾಹೇಬರು ಗ್ಯಾಂಗಿನ ಮುಕಾದಮನಿಗೆ ಹಗ್ಗ, ಕಬ್ಬು ಕಡಿಯುವ ಕೊಯ್ತ ಹಿಡಿದು ತಯಾರಿರಲು ಹೇಳಿಕಳಿಸಿ, ಜೀಪು ಕೊಟ್ಟರು. ನಾನು, ಚಂಪಾಬಾಯಿ, ಚಾಲಕ. ಕುಡಚಿಯ ಸೇತುವೆಯ ಮೇಲೆ ಕಬ್ಬಿನ ಗಾಡಿಗಳ ಸಾಲು. ಜೀಪು ಒಂದಡಿ ಸರಿದರೆ ಎರಡು ಗಳಿಗೆ ನಿಲ್ಲುತ್ತಿತ್ತು. ನಾನು ಇಳಿಯುವುದು, ಮುಂದೆ ನೋಡುವುದು, ಮತ್ತೆ ಹತ್ತುವುದು. "ನೀವ್ ಇಳದ್ರ ಗಾಡಿ ಲಗೂ ಹೋಗ್ತಾವೇನ್ರಿ? ಕೂಡ್ರಿ ಸುಮ್ಮ," ಎಂದರು ಚಂಪಾಬಾಯಿ. ಅವರ ಕೈಗಳು ಮಾತ್ರ ಮಡಿಲಲ್ಲಿ ಸೆರಗಿನ ತುದಿಯನ್ನು ಸುತ್ತುತ್ತ, ಬಿಚ್ಚುತ್ತ, ಮತ್ತೆ ಸುತ್ತುತ್ತ ಇದ್ದವು.

ಕಾಗವಾಡದ ಕಚೇರಿಯಲ್ಲಿ ಮುಲ್ಲಾ ಮುಖ ಗಂಟಿಕ್ಕಿಕೊಂಡು ಕಂಪ್ಯೂಟರಿನ ಮುಂದಿನಿಂದ ಎದ್ದು ನಿಂತ. "ನೋಡ್ರಿ." ನೋಡಿದೆ. ಮೊನ್ನೆಯವು ಇದ್ದವು, ನಿನ್ನೆ ಸಂಜೆಯದು ಇರಲಿಲ್ಲ. ಅವನು ಹೇಳಿದ್ದು ನಿಜ. ಸರ್ವರ್ ಹೇಳಿದ್ದೂ ನಿಜ. ಎರಡೂ ನಿಜವಾಗಬೇಕಾದರೆ ಪೆಟ್ಟಿಗೆಗೆ ಇನ್ನೊಂದು ಕೈ ಬಿದ್ದಿರಬೇಕು. ಆಗ ಕಣ್ಣಿಗೆ ಬಿತ್ತು: ಫೋನಿನಿಂದ ಹೊರಟ ಇನ್ನೊಂದು ತಂತಿ, ಗೋಡೆಗುಂಟ ಹೋಗಿ ಕಿಟಕಿಯಿಂದ ಹೊರಬಿದ್ದಿತ್ತು.

"ಇದೆಲ್ಲಿ ಹೋಗ್ತೈತಿ?"

"ಕಾಟಾ ಕೋಣೀಗ್ರಿ. ಚೌಗುಲಾ ಮನ್ನಿ ಸಂಜೀಕ ಎಳಕೊಂಡಾನ."

ಕಾಟಾ ಎಂದರೆ ಗಾಡಿ ತೂಗುವ ಜಾಗ. ಅದೇ ಆವರಣದ ಆಚೆ ಮೂಲೆಯಲ್ಲಿತ್ತು. ತೂಕದ ಚೀಟಿ ಛಾಪಿಸಲು ಅಲ್ಲಿಗೂ ಒಂದು ಕಂಪ್ಯೂಟರ್ ಬಂದಿತ್ತು. ಚೌಗುಲಾ ಅಲ್ಲಿನ ತೂಕದವನು. ಲಾರಿ ನಂಬರುಗಳ ಪಟ್ಟಿ ಮೇಲ್‌ನಲ್ಲಿ ಬರುತ್ತದೆ, ಪ್ರತಿ ಸಲ ಮುಲ್ಲಾನ ಕೋಣೆಗೆ ನಡೆಯುವುದೇಕೆ ಎಂದು ಕಚೇರಿಯ ಪೆಟ್ಟಿಗೆಯನ್ನೇ ತನ್ನ ಯಂತ್ರಕ್ಕೂ ಜೋಡಿಸಿಕೊಂಡಿದ್ದ. ಗುಪ್ತಪದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿತ್ತು. ನಮ್ಮ ಗಟ ಕಚೇರಿಗಳ ರೂಢಿಯೇ ಹಾಗೆ. ಟಪಾಲು ಬಂದರೆ ಯಾರು ಮೊದಲು ಬಂದರೋ ಅವರು ಒಡೆದು ಗೋಡೆಯ ಮೊಳೆಗೆ ಸಿಕ್ಕಿಸುತ್ತಿದ್ದರು, ಉಳಿದವರು ಬಂದು ತಮ್ಮದನ್ನು ನೋಡಿಕೊಳ್ಳುತ್ತಿದ್ದರು. ಚೌಗುಲಾ ಅದನ್ನೇ ಮಾಡಿದ್ದ. ಈ ಹೊಸ ಟಪಾಲಿಗೆ ಮೊಳೆ ಇರಲಿಲ್ಲ, ಅಷ್ಟೇ.

ನಾವು ಹೋದಾಗ ಅವನು ಗಾಡಿ ತೂಗುತ್ತಿದ್ದ.

"ಲೇ ಚೌಗುಲಾ," ಮುಲ್ಲಾ ಕೂಗಿದ, "ನನ್ನ ಪೆಟಗ್ಯಾಗ ಕೈ ಹಾಕಿ ಎಲ್ಲಾ ಬಳಕೊಂಡು ಕುಂತೀಯೇನಲೇ?"

"ನಿನ್ನ ಪೆಟಗಿ ನಿನ್ನ ಮಾವಾ ಕೊಟ್ಟಾನೇನು? ಆಫೀಸಿಂದು! ನಂದು ಬರೇ ಲಾರಿ ಲಿಸ್ಟ್. ಉಳದದ್ದು ನಾ ಮುಟ್ಟೂದ ಇಲ್ಲ."

"ಮುಟ್ಟೂದಿಲ್ಲಂತ! ಹೊತ್ಕೊಂಡು ಹೋಗೂದು, ಮುಟ್ಟೂದಿಲ್ಲ!"

ಯಂತ್ರ ತೆರೆದೆ. ಲಾರಿ ಪಟ್ಟಿಗಳ ನಡುವೆ ಅದು ಇತ್ತು, ಯಾರೂ ಓದಿಲ್ಲವೆಂಬ ಗುರುತಿನ ದಪ್ಪ ಅಕ್ಷರದಲ್ಲಿ, ನಿನ್ನೆಯ ತಾರೀಖಿನ ಸಮೇತ. ಚೌಗುಲಾನ ಮುಖ ಇಳಿದುಹೋಯಿತು. ಅವನು ಚಂಪಾಬಾಯಿಯವರ ಕಡೆ ನೋಡಲಿಲ್ಲ. ಹೊರಗೆ ಓಡಿ, ತನ್ನ ಮೋಟಾರ್ ಸೈಕಲ್ ಒದ್ದು ಚಾಲೂ ಮಾಡಿ, "ಗ್ಯಾಂಗ್ ನಾನ ಕರಕೊಂಡು ಹೊಲಕ್ಕ ಹೋಗ್ತೀನಿ," ಎಂದು ಹೋಗಿಯೇಬಿಟ್ಟ. ಕಾಟಾದ ಮೇಲಿನ ಗಾಡಿ ತೂಕವಾಗದೆ ಅಲ್ಲೇ ನಿಂತಿತು.

"ಏನ ಬರದಾರ?" ಎಂದರು ಚಂಪಾಬಾಯಿ.

ಮುಲ್ಲಾ ಓದಿದ: ಬೆಂಕಿ ವಿದ್ಯುತ್ ತಂತಿಯಿಂದ ತಗುಲಿದ್ದು, ರೈತರ ಕಡೆಯಿಂದ ಏನೂ ತಪ್ಪಿಲ್ಲ, ಮೊದಲ ಪಾಳಿ, ಬಿಲ್ಲಿನಲ್ಲಿ ಯಾವ ಕಡಿತವೂ ಇಲ್ಲ.

"ಇಲ್ಲಿ ಬ್ಯಾಡ. ಅಲ್ಲಿ ಕಟ್ಟಿ ಮ್ಯಾಲ ಕುಂತಾರಲ್ಲ, ಅವರಿಗೆ ಕೇಳಂಗ ಓದ್ರಿ. ತಾರೀಖ ಸುದ್ದಾ ಓದ್ರಿ."

ಮುಲ್ಲಾ ಅದನ್ನು ಛಾಪಿಸಿಕೊಂಡು ಕಟ್ಟೆಯ ಬಳಿ ಹೋಗಿ ಓದಿದ. ಅವನ ದನಿ ಮೊದಲೇ ದೊಡ್ಡದು, ಅವತ್ತು ತನ್ನ ಮೇಲೆ ಬಂದಿದ್ದ ಮಾತಿಗೂ ಸೇರಿಸಿ ಓದಿದ. ಯಾರೋ ಒಬ್ಬರು, "ನಾವೇನ್ ಅಂದಿವ್ರಿ ಅಕ್ಕಾರ?" ಎಂದು ಗೊಣಗಿದರು. "ಅನ್ನಲಿಲ್ಲಪ್ಪಾ, ನಕ್ಕ್ರಿ," ಎಂದರು ಚಂಪಾಬಾಯಿ. ಸ್ವಲ್ಪ ಹೊತ್ತಿಗೆ ಆ ಗೊಣಗಿದವರೇ ತಮ್ಮ ಚಕ್ಕಡಿಯನ್ನು ಅವರ ಹೊಲಕ್ಕೆ ತಿರುಗಿಸಿದರೆಂದು ಕೇಳಿದೆ. ಆ ಕಬ್ಬು ಮಾರನೆಯ ದಿನ ಕಾರ್ಖಾನೆ ಸೇರಿತು. ತೂಕ ಕಮ್ಮಿಯಾಗಿತ್ತು, ಆದರೆ ಗಾಣಕ್ಕೆ ಬಿತ್ತು.

ನನ್ನ ಪ್ರಶ್ನೆ ಹಾಗೇ ಉಳಿಯಿತು. ಐಮ್ಯಾಪ್ ಹಾಕಿದರೆ ಮೇಲ್ ಸರ್ವರಿನಲ್ಲೇ ಉಳಿಯುತ್ತದೆ, ಮುಲ್ಲಾನೂ ನೋಡುತ್ತಾನೆ, ಚೌಗುಲಾನೂ ನೋಡುತ್ತಾನೆ. ಆದರೆ ಬೆಂಕಿ ಬಿದ್ದ ಆ ಮಧ್ಯಾಹ್ನ ಇಬ್ಬರಲ್ಲಿ ಒಬ್ಬ ಲೈನ್ ಹಿಡಿದು ಓದುತ್ತ ಕುಳಿತಿದ್ದರೆ ಚಂಪಾಬಾಯಿಯವರ ಫೋನೇ ಹತ್ತುತ್ತಿರಲಿಲ್ಲ. ಅವರ ಕೂಗು ನಮಗೆ ಮುಟ್ಟಿದ್ದು ಪಾಪ್ ಇದ್ದದ್ದರಿಂದ, ನಮ್ಮ ಉತ್ತರ ಅವರಿಗೆ ಮುಟ್ಟದೆ ಹೋದದ್ದೂ ಪಾಪ್ ಇದ್ದದ್ದರಿಂದಲೇ. ಇದನ್ನು ತಲೆಯಲ್ಲಿ ತಿರುಗಿಸುತ್ತ ಎರಡು ದಿನ ಕಾರ್ಖಾನೆಯ ಅಂಗಳದಲ್ಲಿ ಸುತ್ತು ಹಾಕಿದೆ. ಪಾಪ್‌ನಲ್ಲೇ ಸರ್ವರಿನಲ್ಲಿ ಒಂದು ಪ್ರತಿ ಬಿಡುವ ಉಪಾಯವೂ ಇದೆ ಎಂದು ಎಂಜಿನಿಯರ್ ಫೋನಿನಲ್ಲಿ ಹೇಳಿದ. ಆದರೆ ಒಬ್ಬ ಓದಿದ್ದು ಇನ್ನೊಬ್ಬನಿಗೆ ತಿಳಿಯುವುದಿಲ್ಲ. ಇಬ್ಬರೂ ಒಂದೇ ಆರ್ಡರಿಗೆ ಗ್ಯಾಂಗು ಕಳಿಸಿದರೆ ರಾಯಬಾಗದ ಕಥೆಯೇ ಮತ್ತೆ.

ಕೊನೆಗೆ ಕಾಗವಾಡಕ್ಕೆ ಐಮ್ಯಾಪ್ ಹಾಕಿದೆ. ಮೊದಲು ಬರೀ ತಲೆಬರಹಗಳನ್ನು ಇಳಿಸಿಕೊಳ್ಳುವುದು, ಬೇಕಾದದ್ದನ್ನಷ್ಟೇ ತೆರೆಯುವುದು, ಕೂಡಲೇ ಲೈನ್ ಬಿಡುವುದು. ಓದುತ್ತ ಕೂರುವಂತಿಲ್ಲ. ಅಳಿಸುವ ಹಕ್ಕು ಮುಲ್ಲಾನೊಬ್ಬನದು, ಏಕೆಂದರೆ ಇದರಲ್ಲಿ ಒಬ್ಬ ಅಳಿಸಿದರೆ ಎಲ್ಲರಿಗೂ ಅಳಿಯುತ್ತದೆ. ಒಬ್ಬನೇ ಗುಮಾಸ್ತನಿದ್ದ ನಿಪ್ಪಾಣಿ, ಚಿಕ್ಕೋಡಿಗಳಿಗೆ ಪಾಪ್ ಹಾಗೆಯೇ ಬಿಟ್ಟೆ. ಹೊಸಬರಿಗೆ ನಾನು ಹೇಳುವುದು ಇಷ್ಟೇ: ಯಾವುದು ಉತ್ತಮ ಎಂದು ಕೇಳುವ ಮೊದಲು ಆ ಪೆಟ್ಟಿಗೆಯನ್ನು ಎಷ್ಟು ಕೈ ಮುಟ್ಟುತ್ತವೆ ಎಂದು ಹೋಗಿ ನೋಡಿರಿ. ಕುಳಿತಲ್ಲೇ ಕೇಳಬೇಡಿ. ಕುಳಿತವರಿಗೆ ಯಾರೂ ಕಿಟಕಿಯಿಂದ ಹೊರಟ ತಂತಿಯ ಸುದ್ದಿ ಹೇಳುವುದಿಲ್ಲ.

ಚಂಪಾಬಾಯಿಯವರ ಆ ಆರ್ಡರನ್ನು ಚೌಗುಲಾನ ಯಂತ್ರದಿಂದ ಎಳೆದು ಮತ್ತೆ ಸರ್ವರಿನ ಪೆಟ್ಟಿಗೆಗೆ ಹಾಕಿದ್ದೆ. ಆ ಹಂಗಾಮಿನುದ್ದಕ್ಕೂ ಅವರು ಸಂತೆಗೆ ಬಂದಾಗಲೆಲ್ಲ ಕಚೇರಿಯ ಬಾಗಿಲಲ್ಲಿ ನಿಂತು ಕೇಳುತ್ತಿದ್ದರಂತೆ: "ಐತೇನ್ರಿ ಇನ್ನಾ?"

"ಐತ್ರಿ ಅಕ್ಕಾರ," ಎನ್ನುತ್ತಿದ್ದ ಮುಲ್ಲಾ.

"ಇರ್ಲಿ."

ಊರಲ್ಲಿ ಯಾರು ಏನಂದರೋ, ಎಂಥ ಮಾತು ಕಿವಿಗೆ ಬಿದ್ದಾಗ ಹಾಗೆ ಬಂದು ಕೇಳುತ್ತಿದ್ದರೋ, ಅವರು ಹೇಳಲಿಲ್ಲ, ನಾವು ಕೇಳಲಿಲ್ಲ.

ಮುಂದಿನ ಹಂಗಾಮಿಗೆ ಮುಂಚೆ ಸರ್ವರಿನ ಡಿಸ್ಕ್ ತುಂಬಿತು. ಐಮ್ಯಾಪ್‌ನ ಪೀಡೆಯೇ ಅದು, ಎಲ್ಲವೂ ಅಲ್ಲೇ ಕೂತಿರುತ್ತದೆ. ಕಾರ್ಖಾನೆಯ ಮೇಲ್ ಪೂರ್ತಿ ನಿಂತುಹೋಯಿತು. ಸಾಹೇಬರು ಕೋಣೆಗೇ ಬಂದು, "ಸಗಳಂ ಕಾಢೂನ್ ಟಾಕಾ. ಹಳೇದು ಒಂದೂ ಇರಬಾರ್ದು," ಎಂದು ನನ್ನ ಬೆನ್ನ ಹಿಂದೆಯೇ ನಿಂತರು. ಕಾಗವಾಡದ ಪೆಟ್ಟಿಗೆ ತೆರೆದು ಒಂದೊಂದಾಗಿ ಅಳಿಸುತ್ತ ಹೋದೆ. ಚಂಪಾಬಾಯಿಯವರ ಆರ್ಡರಿನ ತಾರೀಖು ಬಂದಾಗ ಕೈ ನಿಂತಿತು.

ಸಾಹೇಬರು ಬಗ್ಗಿ ಓದಿದರು. ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರು.

"ಮುಂದಿಂದು ಅಳಸು," ಎಂದರು.